ಲಗಾಮು ಯಾರ ಕೈಯಲ್ಲಿ?

‘ನಿಧಾನವೇ ಪ್ರಧಾನ’ ಎಂಬುದು ನಮ್ಮ ಹಿರಿಯರ ಮಾತು. ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಹೆಚ್ಚು ಹೊತ್ತು ಬಾಳಿಸಲು ಹೊರಟ ಎಂಜಿನಿಯರರು ಮೊದಲು ನೆಚ್ಚಿದ್ದೂ ಈ ತತ್ತ್ವವನ್ನೇ. ಅದು ಅರ್ಧ ಸತ್ಯ ಮಾತ್ರವೆಂಬುದು ಸ್ಪಷ್ಟವಾಗಲು ಹಲವು ವರ್ಷ ಹಿಡಿಯಿತು. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಈ ಪಾಠ ಎಲ್ಲರ ಕಣ್ಣೆದುರಿಗೇ ನಡೆದುದರಿಂದ ಅದರ ಚರಿತ್ರೆ ಗಮನಾರ್ಹವಾಗಿದೆ.

ದುಡಿಯುತ್ತಿರುವ ಪ್ರೊಸೆಸರ್ ನುಂಗುವ ವಿದ್ಯುತ್ತು ಅದರ ವೇಗವನ್ನೂ ವೋಲ್ಟೇಜಿನ ವರ್ಗವನ್ನೂ ಅವಲಂಬಿಸಿದೆ. ವೇಗ ತಗ್ಗಿದರೆ ವೋಲ್ಟೇಜನ್ನೂ ತಗ್ಗಿಸಬಹುದು. ದೊಡ್ಡ ಉಳಿತಾಯವಿರುವುದು ಇಲ್ಲಿಯೇ. 2000ದ ಜನವರಿಯಲ್ಲಿ ಇಂಟೆಲ್ ಸಂಸ್ಥೆ ‘ಸ್ಪೀಡ್‌ಸ್ಟೆಪ್’ ಎಂಬ ಸೌಲಭ್ಯವನ್ನು ಹೊರತಂದಿತು. 650 ಮೆಗಾಹರ್ಟ್ಸ್‌ನ ಪೆಂಟಿಯಂ 3, ಬ್ಯಾಟರಿಯ ಮೇಲೆ ನಡೆಯುವಾಗ 500ಕ್ಕೆ ಇಳಿಯುತ್ತಿತ್ತು; ವೋಲ್ಟೇಜು 1.6ರಿಂದ 1.35ಕ್ಕೆ ತಗ್ಗುತ್ತಿತ್ತು. ಲೆಕ್ಕ ಹಾಕಿದರೆ ವೇಗದಲ್ಲಿ ಕಾಲುಭಾಗಕ್ಕಿಂತ ಕಡಿಮೆ ನಷ್ಟ. ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಶೇಕಡಾ 45ರಷ್ಟು ಲಾಭ! ಅದೇ ತಿಂಗಳು ಟ್ರಾನ್ಸ್‌ಮೆಟಾ ಸಂಸ್ಥೆ ತನ್ನ ‘ಕ್ರೂಸೋ’ ಚಿಪ್ಪನ್ನು ಪ್ರಕಟಿಸಿತು. ಲಿನಕ್ಸಿನ ಜನಕ ಲೈನಸ್ ಟೊರ್ವಾಲ್ಡ್ಸ್ ಆಗ ಅಲ್ಲಿಯೇ ಉದ್ಯೋಗಿಯಾಗಿದ್ದರು.

ಲಿನಕ್ಸಿನಲ್ಲಿ ಈ ಕೆಲಸಕ್ಕೆ ಅಡಿಪಾಯ ಹಾಕಿದವರು ರಸೆಲ್ ಕಿಂಗ್, ಡೇವ್ ಜೋನ್ಸ್, ಡೊಮಿನಿಕ್ ಬ್ರೊಡೋವ್‌ಸ್ಕಿ ಮೊದಲಾದವರು. 2003ರ ಡಿಸೆಂಬರಿನಲ್ಲಿ ಹೊರಬಂದ 2.6ನೆಯ ಆವೃತ್ತಿಯಲ್ಲಿ ಅವರ ‘ಸಿಪಿಯುಫ್ರೀಕ್’ ಸೇರಿತ್ತು. ವೇಗವನ್ನು ಹೇಗೆ ಬದಲಿಸುವುದೆಂಬುದು ‘ಡ್ರೈವರ್’ನ ಹೊಣೆ, ಯಾವಾಗ, ಎಷ್ಟು ಎಂಬುದು ‘ಗವರ್ನರ್’ನ ಹೊಣೆ. ಉಗಿಯಂತ್ರದ ವೇಗವನ್ನು ಹತೋಟಿಯಲ್ಲಿಡುವ ಸಾಧನಕ್ಕೂ ಇದೇ ಹೆಸರಿದ್ದುದನ್ನು ಓದುಗರು ಬಲ್ಲರು.

ಮೊದಮೊದಲು ಇದ್ದ ಗವರ್ನರುಗಳು ಸರಳವಾದವು. ಒಂದು ಸದಾ ಗರಿಷ್ಠ ವೇಗದಲ್ಲಿಡುತ್ತಿತ್ತು, ಇನ್ನೊಂದು ಸದಾ ಕನಿಷ್ಠದಲ್ಲಿ, ಮತ್ತೊಂದು ನಿರ್ಧಾರವನ್ನು ಹೊರಗಿನ ಬೇರೊಂದು ಪ್ರೋಗ್ರಾಮಿಗೆ ಬಿಡುತ್ತಿತ್ತು. 2003ರ ಪೆಂಟಿಯಂ ಎಂ ಕ್ಷಣಾರ್ಧದಲ್ಲಿ ವೇಗ ಬದಲಿಸಬಲ್ಲದಾಗಿತ್ತು. ಇದರ ಲಾಭ ಪಡೆದದ್ದು 2004ರಲ್ಲಿ ಬಂದ ‘ಆನ್‌ಡಿಮ್ಯಾಂಡ್’ ಗವರ್ನರ್; ವೆಂಕಟೇಶ್ ಪಳ್ಳಿಪಾಡಿ ಅದರ ಕರ್ತೃಗಳಲ್ಲಿ ಒಬ್ಬರು. ಹಾಸಿಗೆ ಇದ್ದಷ್ಟೇ ಕಾಲು ಚಾಚುವಂತೆ, ಕೆಲಸ ಹೆಚ್ಚಿದೊಡನೆ ವೇಗವನ್ನು ಗರಿಷ್ಠಕ್ಕೇರಿಸುವುದು, ಬಿಡುವಾದಂತೆ ಇಳಿಸುವುದು ಅದರ ರೀತಿ.

ಹಾಗಾದರೆ ಸದಾ ಕನಿಷ್ಠ ವೇಗದಲ್ಲಿಟ್ಟರೆ ಇನ್ನೂ ಉಳಿತಾಯವಲ್ಲವೆ? ಅಲ್ಲ. ಗುಮಾಸ್ತ ನಿಧಾನವಾಗಿ ಬರೆಯುತ್ತ ರಾತ್ರಿಯವರೆಗೆ ಕುಳಿತರೆ ಕಚೇರಿಯ ದೀಪ, ಫ್ಯಾನುಗಳೂ ಅಲ್ಲಿಯವರೆಗೆ ನಡೆಯಬೇಕು. ಬೇಗ ಮುಗಿಸಿ ಬೀಗ ಹಾಕಿದರೆ ಎಲ್ಲವೂ ಉಳಿಯಿತು. ವೋಲ್ಟೇಜು ತಗ್ಗಿಸದೆ ಬರೀ ಮಿಡಿತಗಳನ್ನು ಬಿಡುವ ಉಪಾಯ ಪೆಂಟಿಯಂ 4ರಲ್ಲಿತ್ತು. ಅದರಿಂದ ಕೆಲಸ ಕುಂಟಿತೇ ಹೊರತು ಬ್ಯಾಟರಿಗೆ ಅಂಥ ಲಾಭವೇನೂ ಆಗಲಿಲ್ಲ. ಆದ್ದರಿಂದ ಗಮನ ನಿದ್ರೆಯ ಕಡೆ ಹರಿಯಿತು. ಅದುವರೆಗೆ ಕೆಲಸವಿಲ್ಲದಾಗಲೂ ಸೆಕೆಂಡಿಗೆ ನೂರಾರು ಸಲ ಪ್ರೊಸೆಸರನ್ನು ತಟ್ಟಿ ಎಬ್ಬಿಸುತ್ತಿದ್ದ ಗಡಿಯಾರವನ್ನು 2007ರಲ್ಲಿ ಸುಮ್ಮನಿರಿಸಲಾಯಿತು. ಸುಖಾಸುಮ್ಮನೆ ನಿದ್ದೆ ಕೆಡಿಸುವ ಪ್ರೋಗ್ರಾಮುಗಳನ್ನು ಹೆಸರಿಸಿ ತೋರಿಸುವ ‘ಪವರ್‌ಟಾಪ್’ ಕೂಡ ಅದೇ ವರ್ಷ ಬಂದಿತು.

ಮುಂದೆ ಲಗಾಮು ಮತ್ತೆ ಕೈ ಬದಲಿಸಿತು. ಇಂಟೆಲ್ ಚಿಪ್ಪುಗಳಿಗೆಂದೇ 2013ರಲ್ಲಿ ಪ್ರತ್ಯೇಕ ಡ್ರೈವರ್ ಬಂದಿತು. 2015ರ ಸ್ಕೈಲೇಕ್ ಪೀಳಿಗೆಯಿಂದ ವೇಗದ ನಿರ್ಧಾರವನ್ನು ಚಿಪ್ಪೇ ವಹಿಸಿಕೊಳ್ಳಬಲ್ಲದು. ಆಗ ವ್ಯವಸ್ಥೆ ಹೇಳಬಹುದಾದದ್ದು ವೇಗದ ಮಿತಿಗಳನ್ನು ಮತ್ತು ‘ಉಳಿತಾಯ ಮುಖ್ಯ’ ಅಥವಾ ‘ವೇಗ ಮುಖ್ಯ’ ಎಂಬ ಒಲವನ್ನು ಮಾತ್ರ. ಚಿಪ್ಪು ತನ್ನ ಸ್ಥಿತಿಯನ್ನು ಬೇಗ ಅರಿಯಬಲ್ಲದು. ಅದರ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆನ್‌ಡಿಮ್ಯಾಂಡ್ ಯಾಕೆ ಹೀಗೆ ನಿರ್ಧರಿಸಿತೆಂದು ಯಾರು ಬೇಕಾದರೂ ಓದಿ ತಿಳಿಯಬಹುದಿತ್ತು, ತಿದ್ದಲೂಬಹುದಿತ್ತು. ಚಿಪ್ಪಿನೊಳಗಿನ ನಿರ್ಧಾರವನ್ನು ಹಾಗೆ ಓದುವಂತಿಲ್ಲ. ಉಳಿದ ವಿದ್ಯುತ್ತಿನ ಲೆಕ್ಕ ಬರೆಯುವಾಗ ಈ ಬೆಲೆಯನ್ನೂ ಅದರ ಪಕ್ಕದಲ್ಲಿ ಬರೆದಿಡುವುದು ನ್ಯಾಯ.