ಅರಳುಮರಳಿನ ಅಳತೆ

ಮುಪ್ಪಿನಲ್ಲಿ ನೆನಪು ಮಾಸುವುದನ್ನೂ ತೀರ್ಮಾನ ತಪ್ಪುವುದನ್ನೂ ಕನ್ನಡ ನಾಡು ಅರಳುಮರಳು ಎಂಬ ಒಂದೇ ಮಾತಿನಲ್ಲಿ ಹೇಳಿ, ಅರವತ್ತು ದಾಟಿದವರಿಗೆ ಅದು ಸಹಜವೆಂದೇ ಒಪ್ಪಿಕೊಂಡು ಬಂದಿತ್ತು. ಅದರ ಹಿಂದೆ ಮೆದುಳಿನ ಕಾಯಿಲೆ ಇರಬಹುದೆಂಬ ಅರಿವಿಗೆ ಬೆಂಗಳೂರಿನಲ್ಲಿ ಸಂಶೋಧನೆಯ ನೆಲೆ ಕಟ್ಟಿಕೊಟ್ಟವರಲ್ಲಿ ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಪ್ರಮುಖರು. ಮೈಸೂರು ವಿಶ್ವವಿದ್ಯಾನಿಲಯದಿಂದ 1981ರಲ್ಲಿ ಡಾಕ್ಟರೇಟ್ ಪಡೆದು 1986ರಲ್ಲಿ ನಿಮ್ಹಾನ್ಸ್ ಸೇರಿದ ಅವರು, ಔಷಧಗಳನ್ನು ಮಾರ್ಪಡಿಸುವ ಕ್ರಿಯೆ ಯಕೃತ್ತಿನಲ್ಲಷ್ಟೇ ಅಲ್ಲದೆ ಮಾನವನ ಮೆದುಳಿನಲ್ಲಿಯೂ ಹೇಗೆ ನಡೆಯುತ್ತದೆಂದು ಶೋಧಿಸಿದರು. ಮಾನೇಸರದಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವನ್ನು ರೂಪಿಸಿ, 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಅಲ್ಲಿ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ ನೀಡಿದ 225 ಕೋಟಿ ರೂಪಾಯಿಗಳ ನೆರವಿನಿಂದ ಮೆದುಳು ಸಂಶೋಧನಾ ಕೇಂದ್ರ ಹುಟ್ಟಿತು. ಅದರ ದೊಡ್ಡ ಕೆಲಸ ನಡೆದಿರುವುದು ಪ್ರಯೋಗಾಲಯದ ಹೊರಗೆ, ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ. 45 ವರ್ಷ ದಾಟಿದ 10,000 ಗ್ರಾಮಸ್ಥರನ್ನು ಸೇರಿಸಿಕೊಂಡು, ಅದೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿ, ರಕ್ತ, ಮೆದುಳಿನ ಚಿತ್ರ ಮತ್ತು ಬುದ್ಧಿಸಾಮರ್ಥ್ಯಗಳಲ್ಲಿ ಆಗುವ ಬದಲಾವಣೆಯನ್ನು ದಾಖಲಿಸುವುದು ಇದರ ಗುರಿ. ಇಂಥದ್ದನ್ನು ದೀರ್ಘಾವಧಿಯ ಅನುಸರಣಾ ಅಧ್ಯಯನ ಎನ್ನುತ್ತಾರೆ.

ಹಳ್ಳಿಯನ್ನೇ ಆರಿಸಿಕೊಂಡದ್ದರಲ್ಲಿ ಈ ಚರಿತ್ರೆಯ ತಿರುಳಿದೆ. ಅಮೆರಿಕದಲ್ಲಿ 1975ರಲ್ಲಿ ಸಿದ್ಧವಾಗಿ ಜಗತ್ತಿನೆಲ್ಲೆಡೆ ಬಳಕೆಗೆ ಬಂದ ಕಿರು ಮನೋಪರೀಕ್ಷೆಯು ನೂರರಿಂದ ಏಳೇಳನ್ನು ಕಳೆಯಲು ಮತ್ತು ಒಂದು ವಾಕ್ಯ ಬರೆಯಲು ಹೇಳುತ್ತದೆ. ಶಾಲೆಯ ಮೆಟ್ಟಿಲು ಹತ್ತದವರು ಮೆದುಳು ಸರಿಯಿದ್ದರೂ ಅಲ್ಲಿ ಸೋಲುತ್ತಾರೆ. ಹರಿಯಾಣದ ಬಲ್ಲಭಗಢದ ಅಧ್ಯಯನಕ್ಕಾಗಿ 1995ರಲ್ಲಿ ಪ್ರಕಟವಾದ ಹಿಂದಿ ರೂಪವು ಬರೆಯಿಸುವ ಬದಲು ಮನೆಯ ಬಗ್ಗೆ ಒಂದು ಮಾತು ಹೇಳಿಸಿ ಈ ಅನ್ಯಾಯವನ್ನು ಕೊಂಚ ತಗ್ಗಿಸಿತು.

ನಿರ್ಧಾರಶಕ್ತಿಯನ್ನು ಅಳೆಯುವುದು ಇನ್ನೂ ಕಷ್ಟ. ಹಲವು ದಾರಿಗಳನ್ನು ತೂಗಿ, ಅವಸರವನ್ನು ತಡೆದು, ಒಂದನ್ನು ಆರಿಸುವ ಈ ಸಾಮರ್ಥ್ಯಕ್ಕೆ ಹಣೆಯ ಹಿಂದಿರುವ ಮೆದುಳಿನ ಮುಂಭಾಗದ ಹಾಲೆ ಮುಖ್ಯ ಆಧಾರ. ನೆಲಮಂಗಲ ತಾಲ್ಲೂಕಿನ ಸೋಂಪುರದಂಥ ಹೋಬಳಿಯಲ್ಲಿ, ಹೊಲದ ಪಕ್ಕಕ್ಕೇ ಕೈಗಾರಿಕಾ ಪ್ರದೇಶ ಬಂದು ನಿಂತಿರುವಾಗ, ರಾಗಿ ಬಿತ್ತನೆಗೆ ಮಳೆಯ ಹದ ನೋಡುವುದರಿಂದ ಹಿಡಿದು ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತುವವರೆಗೆ ಮನೆಯ ಹಿರಿಯರ ತೀರ್ಮಾನವೇ ನಡೆಯುವುದುಂಟು. ಏಳೇಳು ಕಳೆಯಲಾರದ ಆ ಹಿರಿಯರ ವಿವೇಚನೆ ಕುಂದಿದೆಯೋ, ಕೇಳಿದ ಪ್ರಶ್ನೆಯೇ ಅವರಿಗೆ ಅಪರಿಚಿತವೋ ಎಂಬುದನ್ನು ಬೇರ್ಪಡಿಸಲು, ಅವರಂಥ ಸಾವಿರಾರು ಜನರನ್ನು ಅವರವರ ಹಿಂದಿನ ವರ್ಷಗಳೊಂದಿಗೇ ಹೋಲಿಸಿ ನೋಡಬೇಕಾಗುತ್ತದೆ. ಶ್ರೀನಿವಾಸಪುರದಲ್ಲಿ ಸಂಗ್ರಹವಾಗುತ್ತಿರುವುದು ಅಂಥ ಹೋಲಿಕೆಗೆ ಬೇಕಾದ ದಾಖಲೆ.