ಗಾಜಿನ ಅಚ್ಚೂ ಅಳತೆಯ ಕಟ್ಟಳೆಯೂ

ಗರ್ಭನಿರೋಧಕ್ಕಾಗಿಯೂ ಗುಹ್ಯರೋಗಗಳ ತಡೆಗಾಗಿಯೂ ಪುರುಷರು ಧರಿಸುವ ರಬ್ಬರಿನ ಕವಚವನ್ನು ‘ನಿರೋಧ್’ ಎಂಬ ಹೆಸರಿನಿಂದ ನಮ್ಮಲ್ಲಿ ಅರಿಯದವರು ವಿರಳ. ಅದು ಹುಟ್ಟಿದ ಬಗೆಯನ್ನೂ ಮತಾಚಾರ್ಯರ ವಿರೋಧವನ್ನೂ ವಿಸ್ತಾರವಾಗಿ ಬರೆದವರುಂಟು; ಅದರ ಅಳತೆಯನ್ನು ಗೊತ್ತುಮಾಡಿದವರು ಯಾರೆಂದು ಕೇಳುವವರು ಮಾತ್ರ ಕಡಮೆ. ಸಂಕೋಚದ ಮಾತೆಂದು ಇದನ್ನು ಬದಿಗಿಡುವುದು ಉಚಿತವಲ್ಲ. ಸಡಿಲವಾದ ಕವಚವು ಜಾರಬಹುದು, ಬಿಗಿಯಾದುದು ಹರಿಯಬಹುದು. ಎರಡರ ಫಲವನ್ನೂ ಹೆಚ್ಚಾಗಿ ಉಣ್ಣುವವಳು ಹೆಣ್ಣು.

ಇಟಲಿಯ ವೈದ್ಯನಾದ ಗಾಬ್ರಿಯೆಲೆ ಫಾಲೋಪ್ಪಿಯೋ ಎಂಬವನು ನಾರುಬಟ್ಟೆಯ ಹೊದಿಕೆಯೊಂದನ್ನು ವರ್ಣಿಸಿ, ಅದನ್ನು 1,100 ಮಂದಿಯ ಮೇಲೆ ಪರೀಕ್ಷಿಸಿದುದಾಗಿ ಹೇಳಿದ್ದಾನೆ. ಆ ಗ್ರಂಥವು ಅಚ್ಚಾದುದು 1564ರಲ್ಲಿ, ಆತನು ತೀರಿದ ಎರಡು ವರ್ಷಗಳ ತರುವಾಯ. ಬಟ್ಟೆಯನ್ನು ಕತ್ತರಿಸುವವನ ಕೈಯಲ್ಲೇ ಅಂದು ಅಳತೆಯಿತ್ತು. ಗಂಧಕದೊಡನೆ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ಉಪಾಯವನ್ನು ಅಮೆರಿಕದ ಗುಡ್‌ಇಯರ್ 1839ರಲ್ಲಿ ಕಂಡುಹಿಡಿದನು. 1916ರ ಸುಮಾರಿಗೆ ಬರ್ಲಿನ್ನಿನ ಯೂಲಿಯುಸ್ ಫ್ರೊಮ್, ರಬ್ಬರಿನ ದ್ರಾವಣದಲ್ಲಿ ಗಾಜಿನ ಅಚ್ಚನ್ನು ಅದ್ದಿ ತೆಗೆದು, ಹೊಲಿಗೆಯಿಲ್ಲದ ತೆಳು ಕವಚವನ್ನು ಮಾಡತೊಡಗಿದನು. ಚರಿತ್ರೆಯ ತಿರುವು ಇಲ್ಲಿಯೇ ಎಂದು ನನ್ನ ಮತ. ಅಚ್ಚಿನ ಸುತ್ತಳತೆಯೇ ಕವಚದ ಸುತ್ತಳತೆಯಾಯಿತು. ಲಕ್ಷಾಂತರ ದೇಹಗಳು ಒಂದೆರಡು ಅಚ್ಚುಗಳಿಗೆ ಹೊಂದಿಕೊಳ್ಳಬೇಕಾಯಿತು.

ಅಚ್ಚಿನ ಹಿಂದೆ ಕಟ್ಟಳೆ ಬಂತು. ಅದರ ಉದ್ದೇಶವು ಒಳ್ಳೆಯದೇ. ತೂತುಬಿದ್ದ ಸರಕು ಮಾರಾಟವಾಗಕೂಡದೆಂದು ನೀರು ತುಂಬಿಸಿ ನೋಡುವ, ಗಾಳಿಯೂದಿ ಒಡೆಯುವ ಪರೀಕ್ಷೆಗಳು ಏರ್ಪಟ್ಟವು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2002ರಲ್ಲಿ ಪ್ರಕಟಿಸಿದ ಕಟ್ಟಳೆಯಂತೆ ಕವಚದ ಉದ್ದವು 160 ಮಿಲಿಮೀಟರಿಗೆ ಕಡಮೆಯಾಗಕೂಡದು. ಅಗಲವನ್ನು ತಯಾರಕನು ತಾನೇ ಸಾರಬೇಕು. ಅದರಿಂದ 2 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಸಲ್ಲದು. ಗಾಳಿಯ ಪರೀಕ್ಷೆಯಲ್ಲಿ ಮಾತ್ರ ಒಂದು ವಿವೇಕ ಕಾಣುತ್ತದೆ: 50ರಿಂದ 56 ಮಿಲಿಮೀಟರ್ ಅಗಲದ್ದು ಒಡೆಯದೆ 18 ಲೀಟರ್ ಗಾಳಿ ಹಿಡಿಯಬೇಕು, ಅದಕ್ಕಿಂತ ಕಿರಿದಾದುದಕ್ಕೆ 16, ಹಿರಿದಾದುದಕ್ಕೆ 22. ಕಿರಿದಾದುದರಲ್ಲಿ ರಬ್ಬರು ಕಡಮೆಯಷ್ಟೆ. ಎಲ್ಲಕ್ಕೂ ಒಂದೇ ಅಂಕೆಯನ್ನಿಟ್ಟಿದ್ದರೆ ದೋಷವಿಲ್ಲದ ಸರಕೂ ತಿರಸ್ಕೃತವಾಗುತ್ತಿತ್ತು. ಉದ್ದದ ವಿಷಯದಲ್ಲಿ ಇಂಥ ರಿಯಾಯಿತಿ ಇರಲಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 1,661 ಮಂದಿ ಅಮೆರಿಕನ್ನರು ತಾವೇ ಅಳೆದು ಹೇಳಿದ ಉದ್ದದ ಸರಾಸರಿ 14.15 ಸೆಂಟಿಮೀಟರ್. ತುದಿಯಲ್ಲಿ ಸ್ವಲ್ಪ ಸ್ಥಳ ಬಿಡಬೇಕಾದುದರಿಂದ ಕವಚವು ತುಸು ಉದ್ದವಿರುವುದು ತಪ್ಪಲ್ಲ. ಆದರೆ ಸರಾಸರಿಗಿಂತ ಬಹಳ ಕೆಳಗಿರುವವನಿಗೆ ಅಂಗಡಿಯಲ್ಲಿ ತನ್ನದೆನ್ನುವುದು ಸಿಗದಂತಾಯಿತು.

ನಮ್ಮ ಸರಕಾರವು 1968ರಲ್ಲಿ ‘ನಿರೋಧ್’ ಯೋಜನೆಯನ್ನು ಆರಂಭಿಸಿದಾಗ ಅಮೆರಿಕ, ಜಪಾನ್, ಕೊರಿಯಗಳಿಂದ 40 ಕೋಟಿ ಕವಚಗಳನ್ನು ತರಿಸಿ, ಒಂದಕ್ಕೆ 5 ಪೈಸೆಯಂತೆ, ಚಹಾ ಸಾಬೂನು ಮಾರುವ ಕಂಪನಿಗಳ ಮೂಲಕ ಹಳ್ಳಿಗಳಿಗೆ ಹಂಚಿಸಿತು. ಮರುವರ್ಷ ತಿರುವನಂತಪುರದಲ್ಲಿ ಹಿಂದುಸ್ಥಾನ ಲೇಟೆಕ್ಸ್ ಕಾರ್ಖಾನೆಯು ಜಪಾನಿನ ನೆರವಿನಿಂದ ಕೆಲಸಕ್ಕೆ ತೊಡಗಿತು. ಅದರ ಇನ್ನೊಂದು ಕಾರ್ಖಾನೆಯು ನಮ್ಮ ಬೆಳಗಾವಿ ಜಿಲ್ಲೆಯ ಕಣಗಲೆಯಲ್ಲಿ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1,200ಕ್ಕೂ ಮಿಕ್ಕ ಪುರುಷರನ್ನು ಅಳೆಯಿಸಿ, ರೂಢಿಯ ಕವಚವು ಬಹುಮಂದಿಗೆ ದೊಡ್ಡದೆಂದು ಕಂಡಿತು. ಈ ಸಮಾಚಾರವು 2006ರಲ್ಲಿ ಹೊರಬಂದಾಗ ದೇಶವಿದೇಶಗಳಲ್ಲಿ ಅದು ನಗೆಯ ಸರಕಾಯಿತು. ಅಂಗಿಯು ದೊಡ್ಡದಾದರೆ ದರ್ಜಿಯನ್ನು ಬಯ್ಯುವ ಲೋಕವು ಇಲ್ಲಿ ತೊಟ್ಟವನನ್ನು ಕಂಡು ನಕ್ಕಿತು!

ಅಮೆರಿಕದಲ್ಲಿ ಉದ್ದದ ಕಟ್ಟಳೆ ಸಡಿಲವಾದ ಮೇಲೆ, 2017ರಲ್ಲಿ, ಬೋಸ್ಟನ್ನಿನ ಒಂದು ಕಂಪನಿಯು 60 ಅಳತೆಗಳನ್ನು ಮಾರಾಟಕ್ಕಿಟ್ಟಿತು. ಕೊಳ್ಳುವವನು ಕಾಗದದ ಪಟ್ಟಿಯಿಂದ ತನ್ನ ಅಳತೆಯನ್ನು ತಾನೇ ತೆಗೆದುಕೊಂಡರಾಯಿತು. ಬೇರೆ ಕಡೆಗಳಲ್ಲಿ ಪೊಟ್ಟಣದ ಮೇಲಿನ ಅಗಲದ ಅಂಕೆಯನ್ನೇ ನೋಡಬೇಕು. ಅದು ಕವಚವನ್ನು ಚಪ್ಪಟೆಯಾಗಿ ಹಾಸಿ ಅಳೆದ ಅಂಕೆ. ಅದರ ಇಮ್ಮಡಿಯೇ, ಎಳೆಯದ ಸ್ಥಿತಿಯಲ್ಲಿ, ಕವಚದ ಸುತ್ತಳತೆ.