ಕ್ಯಾಂಟೀನಿನ ಲೆಕ್ಕ, ಮಕ್ಕಳ ಮೈಯ ಲೆಕ್ಕ

ಶಾಲೆಗಳ ಒಳಗೆ, ಹೊರಗೆ ಕುರುಕಲು ತಿಂಡಿ ಮತ್ತು ತಂಪು ಪಾನೀಯಗಳ ಮಾರಾಟವನ್ನು ತಡೆಯಬೇಕೆಂದು ಉದಯ್ ಫೌಂಡೇಶನ್ 2010ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೂಡಿತು. ತಜ್ಞರ ಸಮಿತಿ, ಕರಡು, ಉದ್ಯಮದವರ ತಕರಾರು ಎಂದು ಐದು ವರ್ಷ ಎಳೆದಾಡಿದ ಮೇಲೆ, 2015ರ ಮಾರ್ಚಿನಲ್ಲಿ ನ್ಯಾಯಾಲಯ ಶಾಲಾ ಮಕ್ಕಳ ಆಹಾರದ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಗೆ ಸೂಚಿಸಿತು. ಮರುವರ್ಷದ ಜನವರಿಯಲ್ಲಿ ಸಿಬಿಎಸ್‌ಇ, ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಕ್ಯಾಂಟೀನುಗಳಿಂದ ಹೊರಗಿಡಿ ಎಂದು ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿತು. ಎಫ್‌ಎಸ್‌ಎಸ್‌ಎಐಯ 2020ರ ನಿಯಮಾವಳಿ ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಅವುಗಳ ಮಾರಾಟ, ಜಾಹೀರಾತು ಎರಡನ್ನೂ ನಿಷೇಧಿಸಿತು. ಇದನ್ನು ಆಹಾರ ಸುರಕ್ಷತೆಯ ಕಥೆಯೆಂದಷ್ಟೇ ಓದಿದರೆ ಅರ್ಧ ಮಾತ್ರ ಓದಿದಂತೆ. ಹದಿಹರೆಯದವರ ಆರೋಗ್ಯದ ವಿಷಯದಲ್ಲಿ ತಪ್ಪು ಹುಡುಕುವ ಕಣ್ಣು ಮಗುವಿನ ಮೈಯನ್ನು ಬಿಟ್ಟು ಮಗುವಿನ ಸುತ್ತ ವ್ಯಾಪಾರ ಮಾಡುವವರ ಕಡೆ ತಿರುಗಿದ್ದು ಈ ಮೊಕದ್ದಮೆಯ ನಿಜವಾದ ಫಲ ಎಂದು ನಾನು ನಂಬುತ್ತೇನೆ.

ಅದಕ್ಕೆ ಮುಂಚೆ ಶಾಲಾ ಆರೋಗ್ಯವೆಂದರೆ ಬಹುಮಟ್ಟಿಗೆ ಅಳತೆಯೇ ಆಗಿತ್ತು. 1946ರ ಭೋರ್ ಸಮಿತಿ ವರದಿಯ ಕಾಲಕ್ಕೂ 1961ರ ಶಾಲಾ ಆರೋಗ್ಯ ಸಮಿತಿಯ ಕಾಲಕ್ಕೂ ದೇಶದ ಚಿಂತೆ ಹೊಟ್ಟೆಗಿಲ್ಲದ ಮಗುವಿನದು. ಎತ್ತರ, ತೂಕ ಬರೆದಿಡುವುದು ಆಗ ಕರುಣೆಯ ಕೆಲಸವೇ. ರಾಜಧಾನಿಯ ಮಧ್ಯಮ ವರ್ಗದಲ್ಲಿ ಚಿಂತೆ ಬೊಜ್ಜಿನ ಕಡೆ ವಾಲಿದ ಮೇಲೂ ರೂಢಿ ಬದಲಾಗಲಿಲ್ಲ. 2009ರಲ್ಲಿ ಬಂದ ಸಿಬಿಎಸ್‌ಇಯ ನಿರಂತರ ಮೌಲ್ಯಮಾಪನದ ಅಂಕಪಟ್ಟಿಯಲ್ಲಿ ಗಣಿತ, ವಿಜ್ಞಾನಗಳ ಜೊತೆಗೆ ಎತ್ತರ, ತೂಕಕ್ಕೂ ಒಂದೊಂದು ಮನೆ ಇತ್ತು. ಹದಿನಾಲ್ಕರ ವಯಸ್ಸಿನಲ್ಲಿ ಆ ಸಂಖ್ಯೆ ಹಾಳೆಯ ಮೇಲೆ ಉಳಿಯುವುದಿಲ್ಲ. ತರಗತಿಯಲ್ಲಿ ಅದು ‘ಮೋಟು’ (ಡುಮ್ಮ) ಆಗುತ್ತದೆ, ‘ಸೂಖಾ’ (ಒಣಕಲ) ಆಗುತ್ತದೆ. ಬಣ್ಣದ ಹಂಗಿಸುವಿಕೆ ಬೇರೆ. 1975ರಿಂದ ಮಾರಾಟವಾಗುತ್ತಿದ್ದ ಫೇರ್ ಅಂಡ್ ಲವ್ಲಿಯ ಜಾಹೀರಾತುಗಳ ವಿರುದ್ಧ ದೆಹಲಿಯಲ್ಲಿ ಕೇಂದ್ರ ಕಚೇರಿಯಿರುವ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ 2002ರಲ್ಲೇ ದೂರು ಕೊಟ್ಟಿತು. ಕಪ್ಪು ಮೈಬಣ್ಣವನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ ಬರೆದದ್ದು 2014ರಲ್ಲಿ. ಹೆಸರಿನಿಂದ ‘ಫೇರ್’ ಹೋಗಲು 2020 ಬರಬೇಕಾಯಿತು. ಅಲ್ಲಿಯೂ ಜಯ ಸಿಕ್ಕಿದ್ದು ಹುಡುಗಿಯರಿಗೆ ಆತ್ಮವಿಶ್ವಾಸದ ಉಪದೇಶ ಮಾಡಿದ್ದರಿಂದಲ್ಲ, ಅವರನ್ನು ಕುಗ್ಗಿಸಿ ಹಣ ಮಾಡುತ್ತಿದ್ದವರನ್ನು ಪ್ರಶ್ನಿಸಿದ್ದರಿಂದ.

ತೂಕ ನೋಡದೆ ಮಧುಮೇಹದ ಅಪಾಯವನ್ನಾಗಲಿ ರಕ್ತಹೀನತೆಯ ಹಿಂದಿನ ಹಸಿವನ್ನಾಗಲಿ ಪತ್ತೆಹಚ್ಚುವುದು ಹೇಗೆ ಎಂದು ವೈದ್ಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದೇ ದೆಹಲಿಯ ಒಂದು ಶಾಲೆಯಲ್ಲಿ ಬೊಜ್ಜು, ಪಕ್ಕದ ಸರ್ಕಾರಿ ಶಾಲೆಯಲ್ಲಿ ಅಪೌಷ್ಟಿಕತೆ ಇರುವಾಗ ಅಳತೆ ಬೇಡ ಎನ್ನಲಾಗದು. ಆದರೆ ಅಳೆದದ್ದು ಮಗು, ಪೋಷಕರು, ವೈದ್ಯರ ನಡುವೆ ಉಳಿಯಬೇಕು. ಸಾಲು ನಿಲ್ಲಿಸಿ ಗಟ್ಟಿಯಾಗಿ ಓದುವ ಅಗತ್ಯ ಯಾವ ವೈದ್ಯಶಾಸ್ತ್ರಕ್ಕೂ ಇಲ್ಲ. ನಾಚಿಕೆಗೊಳಗಾದ ಮಗು ಮೊದಲು ತಪ್ಪಿಸಿಕೊಳ್ಳುವುದು ಆಟದ ಪೀರಿಯಡ್ಡಿನಿಂದ. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಸಿಬಿಎಸ್‌ಇ 2018ರಲ್ಲಿ ಕಡ್ಡಾಯ ಮಾಡಿತು. ಓಡಲು ಅಂಜುವವರಿಗೆ ಅಲ್ಲಿ ಜಾಗವಿಲ್ಲದಿದ್ದರೆ ಆ ಕಡ್ಡಾಯದಿಂದ ಬಂದದ್ದೇನು?

ನಿಷೇಧಿಸಿದ್ದೇ ರುಚಿ, ಗೇಟು ದಾಟಿದರೆ ಎಲ್ಲವೂ ಸಿಗುತ್ತದೆ ಎನ್ನುವವರೂ ಇದ್ದಾರೆ. ಸಿಗುತ್ತದೆ, ನಿಜ, 50 ಮೀಟರು ಹದಿಹರೆಯದ ಕಾಲಿಗೆ ದೂರವೇನಲ್ಲ. ಆದರೂ ದಿನವೂ ಕಣ್ಣೆದುರು ಇರುವುದಕ್ಕೂ ಹುಡುಕಿಕೊಂಡು ಹೋಗುವುದಕ್ಕೂ ವ್ಯತ್ಯಾಸವಿದೆ, ಅಭ್ಯಾಸ ಬೆಳೆಯುವುದು ಮೊದಲನೆಯದರಲ್ಲಿ. ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಭಾರದ್ದು: ಗೇಟಿನ ಬಳಿ ತಳ್ಳುಗಾಡಿ ಇಟ್ಟವನ ಹೊಟ್ಟೆಪಾಡು. ಚಳಿಗಾಲದಲ್ಲಿ ಸುಟ್ಟ ಸಿಹಿಗೆಣಸಿನ ಚಾಟ್, ಹುರಿಗಡಲೆ, ಸೀಬೆಹಣ್ಣು ಮಾರುವವನನ್ನು ಚಿಪ್ಸ್ ಪೊಟ್ಟಣದ ಜೊತೆಗೇ ಓಡಿಸುವುದು ಅನ್ಯಾಯ, ನಿಯಮದ ಉದ್ದೇಶಕ್ಕೂ ವಿರುದ್ಧ. ಅವನನ್ನು ಉಳಿಸಿಕೊಂಡೇ ನಿಯಮ ನಡೆಸಬಹುದು. ಕಣ್ಣು ವ್ಯಾಪಾರದ ಕಡೆ ತಿರುಗಿದ್ದು ಗೇಟಿನ ಬಳಿಗೇ ನಿಂತಿಲ್ಲ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಲು ಹೇಳಿದೆ: ದಿನಕ್ಕೆ ಎಷ್ಟು ಸಕ್ಕರೆ ಸಾಕು, ಮಕ್ಕಳು ಸಾಮಾನ್ಯವಾಗಿ ಕುಡಿಯುವ, ತಿನ್ನುವ ಪದಾರ್ಥಗಳಲ್ಲಿ ಎಷ್ಟಿದೆ ಎಂಬುದನ್ನು ಆ ಫಲಕದಲ್ಲಿ ಬರೆಯಬೇಕು. ಗೋಡೆಗೆ ಏರಿದ ಈ ಲೆಕ್ಕ ಬಾಟಲಿಯದು.